ಎರಡನೆಯ ಬಿಸಿಲು

ಚಿಸೊಮೊ ಎಂಬ ಹೆಂಗಸಿಗೆ ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಅವಳ ಕೆಲಸ ಕೆಟ್ಟಾಗ, ತಪ್ಪು ಅವಳದೇ ಎಂದು ವರದಿ ಬರೆದೆ. ಎರಡನ್ನೂ ತಿಳಿದೇ ಮಾಡಿದೆ. ತಿಳಿದೇ ಮಾಡಿದೆ ಎಂದು ಒಪ್ಪಿಕೊಳ್ಳಲು ಆರು ವರ್ಷ ಬೇಕಾಯಿತು.

ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು, ಅವಳಿಗೆ ಓದಲು ಬರುವುದು ಅದು. ಬರೆಯಲು ಕೂತೆ ಕೂಡ. ಆದರೆ ಇಂಗ್ಲಿಷ್ ನನ್ನ ಕೈಯಲ್ಲಿ ಆಫೀಸಿನ ಭಾಷೆ — ಎರಡು ಸಾಲು ಆಗುವಷ್ಟರಲ್ಲಿ ವರದಿಯಾಗಿಬಿಡುತ್ತದೆ. ಕೆಲವು ಕೊರತೆಗಳು ಕಂಡುಬಂದವು, ಎಂದು ಬರೆದೆ. ಕೊರತೆಗಳು ಎಲ್ಲಿಂದಲೋ ನಡೆದುಕೊಂಡು ಬಂದವೇನೋ ಎಂಬಂತೆ. ಅದನ್ನು ಅಳಿಸಿ, ದಿನಚರಿ ಬರೆಯುವ ಭಾಷೆಯಲ್ಲಿ ಮೊದಲು ಬರೆದುಕೊಳ್ಳುತ್ತಿದ್ದೇನೆ. ಇಲ್ಲಿ ಜಾರಿಕೊಳ್ಳುವುದು ನನಗೆ ಅಷ್ಟು ಸುಲಭವಲ್ಲ.

ಠಾಣೆ ಜಿಲ್ಲೆಯ ಸಾನಪಾಡಾದ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲಿ ಸಣ್ಣ ಉದ್ಯಮ ಕಟ್ಟಲು ಹೊರಟವರಿಗೆ, ಹೆಚ್ಚಾಗಿ ಹೆಂಗಸರ ಗುಂಪುಗಳಿಗೆ, ನಾವು ತರಬೇತಿ ಕೊಡುತ್ತೇವೆ. ದೊಡ್ಡ ಯಂತ್ರ ಬೇಡ, ಹೊರಗಿನಿಂದ ಸಾಮಾನು ತರಿಸುವುದು ಬೇಡ, ಅವರ ನೆಲದಲ್ಲಿ ಬೆಳೆಯುವುದರಿಂದಲೇ ವರ್ಷವರ್ಷ ನಡೆಯುವ ಕಸುಬು ಆಗಬೇಕು — ಇದು ನಮ್ಮ ಮಾತು. ಪ್ರತಿ ಗುಂಪಿನಿಂದ ಒಬ್ಬರು ಇಲ್ಲಿಗೆ ಬಂದು ಐದು ವಾರ ಕಲಿತು, ಊರಿಗೆ ಮರಳಿ ಉಳಿದವರಿಗೆ ಕಲಿಸುತ್ತಾರೆ. ಒಂದು ವರ್ಷದ ನಂತರ ನಾವು ವರದಿ ಬರೆಯುತ್ತೇವೆ. ವರದಿ ಚೆನ್ನಾಗಿದ್ದರೆ ಆ ಗುಂಪಿಗೆ ಎರಡನೆಯ ಹಂತದ ನೆರವು ಸಿಗುತ್ತದೆ, ಇಲ್ಲದಿದ್ದರೆ ಅವರ ಕಡತ ಮುಚ್ಚುತ್ತದೆ. ಕೈಪಿಡಿ ಬರೆಯುವವಳೂ ವರದಿ ಬರೆಯುವವಳೂ ನಾನೇ.

ಚಿಸೊಮೊ ಮಲಾವಿ ದೇಶದವಳು. ದೊಡ್ಡ ಸರೋವರದ ದಡದ ಊರು. ಅವಳ ಗುಂಪಿನಲ್ಲಿ ಇಪ್ಪತ್ತು ಹೆಂಗಸರು, ಎಲ್ಲರ ಹೊಲದಲ್ಲೂ ಮರಗೆಣಸು. ಅದನ್ನೇ ತಿನ್ನುತ್ತಾರೆ, ಉಳಿದದ್ದನ್ನು ಸಂತೆಯಲ್ಲಿ ಸಿಕ್ಕ ಬೆಲೆಗೆ ಕೊಟ್ಟು ಬರುತ್ತಾರೆ. ಮರಗೆಣಸು ಎಂದ ಕೂಡಲೇ ನನಗೆ ಹೊಳೆದದ್ದು ಹಪ್ಪಳ. ನಮ್ಮ ಉಡುಪಿ ಕಡೆ ಅದು ಹೊಸದಲ್ಲ. ಡೊಂಬಿವಲಿಯಲ್ಲಿರುವ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ, ಅಲ್ಲಿಯ ಟೆರೇಸಿನಲ್ಲಿ ಹಪ್ಪಳ ಒಣಗಿಸಿ ಠಾಣೆಯ ಉಡುಪಿ ಹೋಟೆಲುಗಳಿಗೆ ಕೊಡುತ್ತ ಇಡೀ ಸಂಸಾರ ಸಾಕಿದವರು. ಅವರ ಟೆರೇಸಿಗೆ ಚಿಸೊಮೊಳನ್ನು ಕರೆದೊಯ್ಯುವ ಯೋಚನೆ ನನ್ನದು. ಒಳ್ಳೆಯ ಯೋಚನೆಯೇ ಆಗಿತ್ತು. ಅದಕ್ಕೇ ಹೆಚ್ಚು ಬೇಸರ.

ಇಲ್ಲಿ ನಮ್ಮ ಜನರ ಒಂದು ಪದ್ಧತಿ ಹೇಳಬೇಕು. ನಾವು ಅಡುಗೆಯ ಗುಟ್ಟನ್ನು ಯಾರಿಗೂ ಇಲ್ಲ ಎನ್ನುವುದಿಲ್ಲ. ಒಂದು ಕಡಿಮೆ ಮಾಡಿ ಕೊಡುತ್ತೇವೆ. ಹೋಟೆಲಿನಲ್ಲಿ ಭಟ್ಟರು ಸಾಂಬಾರಿನ ಪುಡಿ ಹದಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಾರೆ. ಠಾಣೆಯ ವರ್ತಕ ನಗರದ ನಮ್ಮ ಮನೆಯಲ್ಲಿ ಪಕ್ಕದ ಮರಾಠಿ ಹೆಂಗಸು ಸಾರಿನ ಪುಡಿ ಕೇಳಿದಾಗ ಅಮ್ಮ ಎಲ್ಲ ಹೇಳಿ, ಮೆಂತ್ಯ ಮಾತ್ರ ಬಿಟ್ಟಿದ್ದಳು. ಆಕೆ ಪ್ರತಿ ಸಲ ಬಂದು, ನಿಮ್ಮ ಕೈಗುಣ ನಮಗೆ ಬರುವುದಿಲ್ಲ ಬಿಡಿ ಎನ್ನುವಳು. ಅಮ್ಮ ತಲೆ ತಗ್ಗಿಸಿ ನಗುವಳು. ನಾನು ಆ ನಗು ನೋಡುತ್ತ ಬೆಳೆದವಳು.

ಹಪ್ಪಳದಲ್ಲಿ ಆ ಒಂದು ಯಾವುದು? ಎರಡನೆಯ ಬಿಸಿಲು. ತೆಳ್ಳಗೆ ಒತ್ತಿದ ಮರಗೆಣಸಿನ ಹಪ್ಪಳ ಒಂದು ದಿನದ ಒಳ್ಳೆ ಬಿಸಿಲಿಗೆ ಗರಿಗರಿಯಾಗುತ್ತದೆ. ಅಂಚು ಮುರಿದರೆ ಚಟ್ಟೆನ್ನುತ್ತದೆ. ಅದನ್ನು ನಂಬಬಾರದು. ನಡುವೆ ತೇವ ಕೂತಿರುತ್ತದೆ. ಸಂಜೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಹಳೆಯ ಹತ್ತಿ ಸೀರೆ ಮುಚ್ಚಿ ಇಟ್ಟರೆ ಬೆಳಗಾಗುವುದರೊಳಗೆ ನಡುವಿನ ತೇವ ಅಂಚಿಗೆ ಬಂದು, ಗರಿಗರಿಯಾದ ಹಪ್ಪಳ ಮತ್ತೆ ಮೆತ್ತಗಾಗಿರುತ್ತದೆ. ಆಗ ತಿರುವಿಹಾಕಿ ಮತ್ತೊಂದು ದಿನದ ಬಿಸಿಲು. ಆಮೇಲೆ ನೆರಳಲ್ಲಿ ಆರಿಸಿ ಕಟ್ಟಬೇಕು. ಇದನ್ನು ಮಾಡಿದ ಹಪ್ಪಳ ವರ್ಷ ಇರುತ್ತದೆ. ಮಾಡದ್ದು ಪ್ಯಾಕೆಟ್ಟಿನೊಳಗೇ ಬೂಷ್ಟು ಹಿಡಿಯುತ್ತದೆ.

ಟೆರೇಸಿಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ — ನೆನಪಿದೆ ಎಂದುಕೊಂಡಿದ್ದೇನೆ. ದೊಡ್ಡಮ್ಮ ಅವಳ ಹೆಸರು ಎರಡು ಸಲ ಕೇಳಿದರು.

"ಚಿಸೊ... ಎಂತ ಮಾರಾಯ್ತಿ ಅದು? ಆಯ್ತು, ಸೋಮಕ್ಕ. ಬಾ ಸೋಮಕ್ಕ, ಹೀಗೆ ಕೂತ್ಕೊ."

ದೊಡ್ಡಮ್ಮನ ಜೊತೆ ಹಪ್ಪಳ ಒತ್ತುವ ಶಾಂತವ್ವ ವಿಜಯಪುರದ ಕಡೆಯವಳು, ಗಂಡ ಕಟ್ಟಡದ ಕೆಲಸದಲ್ಲಿ. ಅವಳು ಚಿಸೊಮೊಳನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರು ಎಷ್ಟ್ ಎತ್ತರ ಅದಾರ ನೋಡ್ರಿ! ಇವರು ಸುಮ್ನ ನಿಂತ್ರ ಸಾಕು, ಒಂದು ಕಾಗಿ ಬರಂಗಿಲ್ಲ" ಎಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಚಿಸೊಮೊ ಬಿದ್ದು ಬಿದ್ದು ನಕ್ಕಳು. ಊರಲ್ಲಿ ತಾನು ಕೋಳಿ ಓಡಿಸುವುದರಲ್ಲಿ ಪಳಗಿದವಳು, ಕಾಗೆಯದ್ದು ಕಲಿತುಕೊಳ್ಳುತ್ತೇನೆ ಎಂದಳು.

ಅವಳು ಒತ್ತಿದ ಮೊದಲ ಹಪ್ಪಳ ಎತ್ತೆತ್ತಲೋ ಹರಿಯಿತು. ದೊಡ್ಡಮ್ಮ ನನ್ನತ್ತ ಕೈ ತೋರಿಸಿ, "ಇರ್ಲಿ ಸೋಮಕ್ಕ, ನಮ್ಮ ವಾಣಿದು ಇದಕ್ಕಿಂತ ಅಡ್ಡ ಬರ್ತದೆ. ಎಂ.ಎ. ಮಾಡಿದ ಕೈ ಅದು" ಎಂದರು. ಶಾಂತವ್ವ ನಕ್ಕಳು. ನಾನೂ ನಕ್ಕೆ. ಆ ಮಾತನ್ನು ಮಾತ್ರ ಇಂಗ್ಲಿಷಿಗೆ ತರಲಿಲ್ಲ.

ನಾಲ್ಕು ಗಂಟೆಗೆ ನಮ್ಮ ಬಸ್ಸು ಹೊರಡಬೇಕಿತ್ತು. ಮರುದಿನ ತರಗತಿ ಇದ್ದದ್ದರಿಂದ ಎರಡನೆಯ ಬಿಸಿಲನ್ನು ಅವಳು ಕಣ್ಣಾರೆ ನೋಡುವಂತಿರಲಿಲ್ಲ. ಇಳಿಯುವಾಗ ದೊಡ್ಡಮ್ಮ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಏನೋ ಹೇಳಿದರು. ಏನು ಹೇಳಿದರು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮರುದಿನದ ತರಗತಿಯಲ್ಲಿ ನಾನು ಮರಗೆಣಸಿನ ಬಗ್ಗೆ ಮಾತಾಡುತ್ತ, ಸುಲಿದು ಬೇಯಿಸಿದರೆ ಆಯಿತು ಎಂದೆ. ಚಿಸೊಮೊ ಕೈ ಎತ್ತಿದಳು. ಮೆಲ್ಲಗೆ, ತುಂಬ ಮರ್ಯಾದೆಯಿಂದ, ಅದು ಸಿಹಿ ಗೆಣಸಿಗೆ ಮಾತ್ರ ಸರಿ ಎಂದಳು. ಕಹಿ ಗೆಣಸಿನಲ್ಲಿ ವಿಷ ಇರುತ್ತದೆ. ಅದನ್ನು ದಿನಗಟ್ಟಲೆ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೊಳೆದು, ಆಮೇಲೇ ಮುಂದಿನ ಕೆಲಸ. ಎಲೆ ನೋಡಿ, ಸಿಪ್ಪೆ ನೋಡಿ ತಮ್ಮ ಅಜ್ಜಿಯರು ಗುರುತಿಸುವ ರೀತಿ, ಯಾವ ನೀರು, ಎಷ್ಟು ದಿನ, ಬೆರಳಿಂದ ಒತ್ತಿದರೆ ಹೇಗಿರಬೇಕು — ಒಂದನ್ನೂ ಬಿಡದೆ ಹೇಳಿದಳು. ಬೇರೆ ದೇಶಗಳಿಂದ ಬಂದವರೂ ಬರೆದುಕೊಂಡರು. ಹಿಂದೆ ಕೂತಿದ್ದ ನಮ್ಮ ಮುಖ್ಯಸ್ಥೆ ಮೇಘಾ ಮೇಡಂ, ಮುಂದಿನ ಸಲ ಈ ಪಾಠ ಇವರಿಂದಲೇ ಮಾಡಿಸೋಣ ಎಂದರು. ತಮಾಷೆಗೆ ಹೇಳಿದ್ದು. ನನಗೆ ಕಿವಿ ಬಿಸಿಯಾಯಿತು.

ತರಗತಿ ಮುಗಿಯುವಾಗ ಚಿಸೊಮೊ ಮತ್ತೆ ಕೇಳಿದಳು. ಅದು ಪಳಗಿದವಳ ಪ್ರಶ್ನೆ. "ನಮ್ಮಲ್ಲಿ ಗೆಣಸು ಒಣಗಲು ದಿನಗಟ್ಟಲೆ ಬೇಕು. ಹಪ್ಪಳಕ್ಕೆ ಒಂದೇ ಬಿಸಿಲು ಸಾಕೇ? ಇಷ್ಟೇನಾ, ಸಿಸ್ಟರ್?"

ಅವಳ ಕೈಯಲ್ಲಿ ಶಾಲಾ ಮಕ್ಕಳ ನೀಲಿ ನೋಟ್‌ಬುಕ್ಕು, ಪೆನ್ನು ಎತ್ತಿ ಹಿಡಿದಿದ್ದಳು.

"ತೆಳ್ಳಗಿರುತ್ತದಲ್ಲ, ಒಂದು ಬಿಸಿಲು ಸಾಕು," ಎಂದೆ. "ಇಷ್ಟೇ."

ಅವಳು ಅದನ್ನೂ ಬರೆದುಕೊಂಡಳು.

ಕೈಪಿಡಿಯ ಇಪ್ಪತ್ತೆರಡನೆಯ ಪುಟದಲ್ಲಿ ನಾನೂ ಅದನ್ನೇ ಬರೆದೆ: ಒಂದು ಪೂರ್ತಿ ದಿನದ ಬಿಸಿಲು, ಅಂಚು ಮುರಿದಾಗ ಶಬ್ದ ಬರುವವರೆಗೆ.

ಅವಳು ಊರಿಗೆ ಮರಳಿದ ಮೇಲೆ ಮೊದಲ ತಿಂಗಳುಗಳಲ್ಲಿ ಫೋಟೋಗಳು ಬಂದವು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ, ಹಿಂದೆ ನೀರು. ಇಪ್ಪತ್ತು ಹೆಂಗಸರನ್ನೂ ಒಪ್ಪಿಸಿ, ಆ ಸುಗ್ಗಿಯ ಗೆಣಸನ್ನು ಸಂತೆಗೆ ಒಯ್ಯದೆ ಹಪ್ಪಳಕ್ಕೇ ಇಟ್ಟುಕೊಳ್ಳುವಂತೆ ಮಾಡಿದ್ದಳು. ಒಂದು ವಸತಿ ಶಾಲೆ ತೆಗೆದುಕೊಳ್ಳುತ್ತೇನೆ ಎಂದಿತ್ತು. ಆಮೇಲೆ ಒಂದು ಇಮೇಲ್, ಜೊತೆಗೆ ಒಂದೇ ಫೋಟೋ: ಪ್ಯಾಕೆಟ್ಟಿನೊಳಗೆ ಕಪ್ಪು ಚುಕ್ಕೆ, ಬಿಳಿ ಉಣ್ಣೆಯಂಥ ಬೂಷ್ಟು. ಶಾಲೆ ಎಲ್ಲವನ್ನೂ ಹಿಂದಿರುಗಿಸಿತ್ತು. ಅವಳು ಬರೆದದ್ದು ನನಗೆ ಬಾಯಿಪಾಠ ಆಗಿದೆ — ಇಲ್ಲಿ ಮಾತ್ರ ನನ್ನ ನೆನಪನ್ನು ಪರೀಕ್ಷಿಸುವ ಅಗತ್ಯವಿಲ್ಲ, ಆ ಪತ್ರ ಇನ್ನೂ ಇದೆ. "ಹೆಂಗಸರು ಈಗ ನನ್ನ ಅಂಗಳಕ್ಕೆ ಬರುತ್ತಿಲ್ಲ. ಇಪ್ಪತ್ತೆರಡನೆಯ ಪುಟವನ್ನು ಮತ್ತೆ ಮತ್ತೆ ಓದಿದೆ. ನೀವು ಕಲಿಸುವಾಗ ನಾನೇ ಏನೋ ತಪ್ಪಿಸಿಕೊಂಡಿರಬೇಕು. ನಿಮ್ಮ ದೊಡ್ಡಮ್ಮನ ಹೆಸರಿಗೆ ಕುಂದು ತಂದೆ."

ನಾನೇ ಏನೋ ತಪ್ಪಿಸಿಕೊಂಡಿರಬೇಕು — ಎಂದು ಅವಳು ಬರೆದಳು.

ಆ ದಿನವೇ ಬರೆಯಬಹುದಿತ್ತು. ನಾಲ್ಕು ಸಾಲು ಸಾಕಿತ್ತು. ಮುಂದಿನ ಬೆಳೆಗೆ ಅವಳ ಕೈಯಲ್ಲಿ ಎಲ್ಲವೂ ಇರುತ್ತಿತ್ತು. ನಾನು ಬರೆದದ್ದು, ಧೈರ್ಯ ಕಳೆದುಕೊಳ್ಳಬೇಡಿ, ಪ್ರಯತ್ನ ಮುಂದುವರಿಸಿ ಎಂದು. ಒಂದು ತಿಂಗಳ ನಂತರ ವರದಿಯಲ್ಲಿ: ಒಣಗಿಸುವ ವಿಧಾನವನ್ನು ಗುಂಪಿನವರು ಸರಿಯಾಗಿ ಪಾಲಿಸಿಲ್ಲ, ನಾಯಕಿಗೆ ಕಲಿಕೆಯನ್ನು ಗುಂಪಿಗೆ ತಲುಪಿಸುವ ಸಾಮರ್ಥ್ಯ ಸಾಲದು. ಅವರ ಕಡತ ಮುಚ್ಚಿತು. ಅವಳು ಮತ್ತೆ ಬರೆಯಲಿಲ್ಲ.

ಆರು ವರ್ಷ ನಾನು ಆರಾಮವಾಗಿದ್ದೆ ಎಂದರೆ ನಂಬಬೇಕು. ಹೇಗೆ ಆರಾಮ? ನನ್ನ ಬಳಿ ಒಂದು ಕಥೆ ಇತ್ತು. ಮೆಟ್ಟಿಲ ಬಳಿ ದೊಡ್ಡಮ್ಮ ನನ್ನನ್ನು ನಿಲ್ಲಿಸಿ, ಎರಡನೇ ಬಿಸಿಲು ಬರೀಬೇಡ, ಅದು ನಮ್ಮಲ್ಲೇ ಇರಲಿ ಎಂದಿದ್ದರು. ನಾನು ಹಿರಿಯರ ಮಾತು ಮೀರಲಿಲ್ಲ. ಹಳೆ ಕಾಲದವರು, ಕಸುಬಿನವರು, ಅವರ ಗುಟ್ಟು ಬಯಲು ಮಾಡಲು ನಾನು ಯಾರು? ದೊಡ್ಡಮ್ಮನ ಮುಖ, ಪಿಸುಮಾತು, ಮೊಣಕೈ ಹಿಡಿದ ಕೈ — ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಕಳೆದ ತಿಂಗಳು ಮೇಘಾ ಮೇಡಂ ಕೈಪಿಡಿಯ ಪ್ರತಿ ನನ್ನ ಮೇಜಿನ ಮೇಲಿಟ್ಟರು. ಇನ್ನೂ ನಾಲ್ಕು ದೇಶಗಳ ಗುಂಪುಗಳಿಗೆ ಅದು ಹೋಗಲಿದೆ, ಹೊಸದಾಗಿ ಅಚ್ಚಾಗಬೇಕು. "ತೂ ಫಕ್ತ ಸಹೀ ಕರ್, ವಾಣಿ," ಎಂದರು — ನೀನು ಸಹಿ ಹಾಕಿದರೆ ಆಯಿತು. ಪೆನ್ನು ತೆಗೆದುಕೊಂಡು ಇಪ್ಪತ್ತೆರಡನೆಯ ಪುಟ ತೆರೆದೆ. ಇನ್ನೂ ನಾಲ್ಕು ಕಡೆ ಯಾರೋ ಅಂಗಳ ಗುಡಿಸಿ, ಚಾಪೆ ಹಾಸಿ, ಒಂದೇ ಬಿಸಿಲಿಗೆ... ಸಹಿ ಹಾಕಲು ಆಗಲಿಲ್ಲ. ಮನೆಗೆ ಹೋಗಿ ಆ ವರ್ಷದ ದಿನಚರಿ ಹುಡುಕಿದೆ. ದೊಡ್ಡಮ್ಮನ ಆ ಮಾತು ಅದರಲ್ಲಿ ಇರುತ್ತದೆ, ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳೋಣ ಎಂದೇ ಹುಡುಕಿದ್ದು — ಇದನ್ನೂ ಹೇಳಿಬಿಡಬೇಕು.

ಇತ್ತು. ಟೆರೇಸಿನ ದಿನದ ಪುಟದ ಕೊನೆಯಲ್ಲಿ: "ದೊಡ್ಡಮ್ಮ ಹೇಳಿದ್ದು: ಎರಡನೇ ಬಿಸಿಲು ಬರೀಲಿಕ್ಕೆ ಮರೀಬೇಡ, ಸೋಮಕ್ಕನಿಗೆ ಅದೇ ಮುಖ್ಯ." ಮರುದಿನದ ಪುಟದಲ್ಲಿ ಎರಡೇ ಸಾಲು: "ಚಿ. ಕೇಳಿದಳು. ಇಷ್ಟೇ ಎಂದೆ. ನಮ್ಮದು ಅಂತ ಒಂದಾದರೂ ಇರಲಿ."

ನನ್ನದೇ ಅಕ್ಷರ. ನನ್ನದೇ ಹಸಿರು ಶಾಯಿ.

ದಿನಚರಿಯನ್ನೂ ನಾನು ಪೂರ್ತಿ ನಂಬುವವಳಲ್ಲ. ಬರೆಯುವಾಗಲೂ ಮನುಷ್ಯರು ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಆದರೆ ತನ್ನನ್ನೇ ಕೆಟ್ಟವಳನ್ನಾಗಿ ಮಾಡುವ ಸುಳ್ಳನ್ನು ಯಾರು ಬರೆದುಕೊಂಡಾರು? ಆದರೂ ಆ ಭಾನುವಾರ ಡೊಂಬಿವಲಿಗೆ ಹೋದೆ. ದೊಡ್ಡಮ್ಮನಿಗೆ ಈಗ ಮಂಡಿನೋವು, ಟೆರೇಸಿಗೆ ಹತ್ತುವುದಿಲ್ಲ. ಕೆಳಗೆ ಕೂತು ಉಂಡೆ ಕಟ್ಟಿಕೊಡುತ್ತಾರೆ, ಮೇಲಿನ ಕೆಲಸ ಶಾಂತವ್ವನದು. ನಾನು ಕೇಳಿದೆ — ಆ ದಿನ ಮೆಟ್ಟಿಲ ಹತ್ತಿರ ನೀವು ನನಗೆ ಏನು ಹೇಳಿದ್ದು?

"ಎಂತ ಹೇಳುದು? ಎರಡನೇ ಬಿಸಿಲು ಬರಿ ಅಂತ ಹೇಳಿದ್ದು. ಯಾಕೆ, ಈಗ ಎಂತ ಆಯ್ತು?"

ಹೇಳಿದೆ. ಎಲ್ಲವನ್ನೂ. ಉಂಡೆ ಕಟ್ಟುವ ಕೈ ನಿಂತಿತು.

"ಬೂಷ್ಟು ಬಂತಾ? ಸೋಮಕ್ಕನ ಹಪ್ಪಳಕ್ಕೆ?"

ಅವರಿಗೆ ಆರು ವರ್ಷ ನಾನು ಅದನ್ನೂ ಹೇಳಿರಲಿಲ್ಲ. ಸೋಮಕ್ಕ ಹೇಗಿದ್ದಾಳೆ ಎಂದು ಕೇಳಿದಾಗಲೆಲ್ಲ ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

"ನೀವೇ ಯಾರಿಗೂ ಪೂರ್ತಿ ಹೇಳುವುದಿಲ್ಲವಲ್ಲ, ಅದಕ್ಕೆ..." ಎಂದು ಶುರುಮಾಡಿದೆ. ನೋಡಿ, ಆಗಲೂ.

"ಹೌದು, ಈ ಬಿಲ್ಡಿಂಗಿನ ಸೊಸೈಟಿಯವರಿಗೆ ಹೇಳುದಿಲ್ಲ. ಹೇಳಿದ್ರೆ ನಾಳೆ ಇವರೇ ಹೋಟೆಲಿಗೆ ಕೊಡ್ಲಿಕ್ಕೆ ಹೋಗ್ತಾರೆ. ಸೋಮಕ್ಕ ಡೊಂಬಿವಲಿಗೆ ಬಂದು ಹಪ್ಪಳ ಮಾರ್ತಾಳಾ? ಅವಳ ಹತ್ರ ಮುಚ್ಚಿಟ್ಟು ನನಗೆ ಎಂತ ಆಗ್ಲಿಕ್ಕುಂಟು?" ನನ್ನ ಕಡೆ ತಿರುಗಿ, "ಇಷ್ಟು ವರ್ಷ ನನ್ನ ಮೇಲೆ ಹಾಕಿದ್ದಾ ನೀನು?"

"ಮನಸ್ಸಿನಲ್ಲಿ ಮಾತ್ರ, ದೊಡ್ಡಮ್ಮ."

"ಮನಸ್ಸಿನಲ್ಲಿ ಹಾಕಿದ್ರೆ ಕಡಿಮೆಯಾ?"

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನುವುದು ಕೂಡ ನನ್ನ ಅನುಕೂಲದ ಮಾತು. ಅವರು, "ಪೆನ್ನು ತಾ. ನಾನು ಹೇಳ್ತೇನೆ, ಹೇಳಿದ ಹಾಗೇ ಬರಿ" ಎಂದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶಾಂತವ್ವ, "ಬರೇ ಬರದ್ರ ತಿಳಿಯಂಗಿಲ್ರಿ ಅಕ್ಕಾರ," ಎಂದಳು. "ಬರದದ್ದ ನಂಬಿನ ಆ ಅಕ್ಕಾರು ಕೆಟ್ಟರು. ಮ್ಯಾಲ ಬರ್ರಿ, ಫೋನಿನ್ಯಾಗ ತಕ್ಕೋರಿ. ಕೈ ಹ್ಯಾಂಗ ಹೊಳ್ಳಸೋದು ಅವರಿಗೆ ಕಾಣಬೇಕಲ್ಲ."

ಮುಂದಿನ ಶನಿವಾರ ಮತ್ತು ಭಾನುವಾರ ನಾನು ಆ ಟೆರೇಸಿನಲ್ಲಿದ್ದೆ. ಶಾಂತವ್ವ ಮಾಡಿದಳು, ನಾನು ಫೋನ್ ಹಿಡಿದೆ. ಭಾನುವಾರ ಬೆಳಿಗ್ಗೆ ಸೀರೆ ತೆಗೆದು, "ಹಿಡದ ನೋಡ್ರಿ" ಎಂದು ಒಂದು ಹಪ್ಪಳ ನನ್ನ ಕೈಗಿಟ್ಟಳು. ಹಿಂದಿನ ಸಂಜೆ ಚಟ್ಟೆನ್ನುತ್ತಿದ್ದದ್ದು ಈಗ ಬಟ್ಟೆಯಂತೆ ಬಾಗಿತು. ನಾನು ಬಾಯಲ್ಲಿ ಮಾತ್ರ ಬಲ್ಲವಳಾಗಿದ್ದೆ. ಆ ಮೆತ್ತಗಿನ ಅಂಚನ್ನು ನನ್ನ ಬೆರಳು ಮುಟ್ಟಿದ್ದು ಅದೇ ಮೊದಲು. ನನ್ನದಲ್ಲದ್ದನ್ನು ನಮ್ಮದು ಎಂದು ಬಚ್ಚಿಟ್ಟಿದ್ದೆ.

ಸೋಮವಾರ ಮೇಘಾ ಮೇಡಂಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. "ಪುಟ ಸೇರಿಸು, ಬಸ್, ವಿಷಯ ಸಂಪಲಾ, ಅಲ್ಲಿಗೆ ಮುಗಿಯಿತು. ಹಳೆಯ ವರದಿಯನ್ನು ಈಗ ಯಾರು ಕೇಳುತ್ತಿದ್ದಾರೆ? ಅದನ್ನು ಮುಟ್ಟಿದರೆ ಉಳಿದ ವರದಿಗಳನ್ನೂ ಸಂಶಯದಿಂದ ನೋಡುತ್ತಾರೆ. ನಿನ್ನ ಕೆಲಸದ ಪ್ರಶ್ನೆಯೂ ಬರುತ್ತದೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನನ್ನು ಉಳಿಸಲೆಂದೇ ಹೇಳಿದ್ದು.

ಅವರು ತೋರಿಸಿದ ದಾರಿ ನಿಜಕ್ಕೂ ಚೆನ್ನಾಗಿತ್ತು. ಮುಂದಿನವರಿಗೆ ಪೂರ್ತಿ ವಿಧಾನ ಸಿಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಸರಿಯಾದ ಪುಟದ ಪಕ್ಕದಲ್ಲಿ ಸುಳ್ಳು ವರದಿ ಸದ್ದಿಲ್ಲದೆ ಕೂತಿರುತ್ತದೆ — ಚಿಸೊಮೊ ಎಂಬಾಕೆಗೆ ಕಲಿಸುವ ಸಾಮರ್ಥ್ಯ ಇಲ್ಲ ಎಂದು ಹೇಳುತ್ತ. ಅಲ್ಲಿ ನಮ್ಮ ಜೊತೆ ಕೆಲಸ ಮಾಡುವವರನ್ನು ವಿಚಾರಿಸಿದ್ದೆ. ಅವಳು ಈಗ ಬೇರೊಬ್ಬರ ಅಂಗಡಿಯಲ್ಲಿ ಒಣಮೀನು ಮಾರುತ್ತಾಳಂತೆ. ಗುಂಪು ಎಂದರೆ ದೂರ ಇರುತ್ತಾಳಂತೆ.

"ಚಿಸೊಮೊ ಕೇಳುತ್ತಿದ್ದಾಳೆ," ಎಂದೆ.

"ಬರೆದಿದ್ದಾಳಾ?"

"ಇಲ್ಲ. ಆರು ವರ್ಷದಿಂದ ಬರೆದಿಲ್ಲ."

ಆ ಮಧ್ಯಾಹ್ನವೇ ತಿದ್ದುಪಡಿ ಕೊಟ್ಟೆ. ಒಂದೇ ಹಾಳೆ. ಒಣಗಿಸುವ ಮುಖ್ಯ ಹಂತವನ್ನು ನಾನು ತಿಳಿದೂ ಹೇಳಲಿಲ್ಲ, ಕೇಳಿದಾಗ ಇಲ್ಲ ಎಂದೆ, ಆಮೇಲೆ ವರದಿಯಲ್ಲಿ ಆ ಗುಂಪಿನ ಮೇಲೆ ತಪ್ಪು ಹೊರಿಸಿದೆ. ಅವರ ಕಡತವನ್ನು ಮತ್ತೆ ತೆರೆಯಬೇಕು. ಮೇಘಾ ಮೇಡಂ ತುಂಬ ಹೊತ್ತು ಓದಿ ಸ್ವೀಕರಿಸಿದ್ದಾರೆ. ಮೇಲಿನವರು ಏನು ಮಾಡುತ್ತಾರೋ ತಿಳಿಯದು. ಕಡತ ತೆರೆಯದಿದ್ದರೆ ಮತ್ತೆ ಕೊಡುತ್ತೇನೆ. ನನ್ನನ್ನು ತೆಗೆದರೆ ಹೊರಗಿನಿಂದ ಕೊಡುತ್ತೇನೆ. ಮುಂದಿನ ತಂಡ ಡೊಂಬಿವಲಿಗೆ ಎರಡು ದಿನ ಹೋಗುತ್ತದೆ. ಕಲಿಸುವವಳು ಶಾಂತವ್ವ, ನಾನು ಅವಳ ಮಾತನ್ನು ಇಂಗ್ಲಿಷಿಗೆ ತರುವವಳು ಮಾತ್ರ. ನನ್ನ ಬಗ್ಗೆ ಆಡಿದ ತಮಾಷೆಯನ್ನೂ ಬಿಡದೆ.

ಇಲ್ಲಿಯವರೆಗೆ ಬರೆದುಕೊಂಡ ಮೇಲೆ ಇಂಗ್ಲಿಷಿನಲ್ಲಿ ಬರೆದ ಪತ್ರ ಇವತ್ತು ಬೆಳಿಗ್ಗೆ ಚಿಸೊಮೊಗೆ ಹೋಯಿತು. ನೀವು ಏನನ್ನೂ ತಪ್ಪಿಸಿಕೊಂಡಿರಲಿಲ್ಲ, ನಾನು ಬಚ್ಚಿಟ್ಟಿದ್ದೆ — ಇದು ಮೊದಲ ಸಾಲು. ನಿಮ್ಮ ಗುಂಪಿನ ಹೆಂಗಸರಿಗೆ ಇದನ್ನು ಓದಿ ಹೇಳಿ, ಇದು ಕೊನೆಯ ಸಾಲು. ನಡುವೆ ದೊಡ್ಡಮ್ಮ ಹೇಳಿ ಬರೆಸಿದ ಪುಟ, ಶಾಂತವ್ವನ ಕೈಯ ವಿಡಿಯೋ, ನನ್ನ ತಿದ್ದುಪಡಿಯ ಪ್ರತಿ.

ಕ್ಷಮಿಸಿ ಎಂಬ ಮಾತು ಅದರಲ್ಲಿ ಇಲ್ಲ. ಬರೆದಿದ್ದೆ, ಕಳಿಸುವ ಮುಂಚೆ ತೆಗೆದೆ. ಕೇಳಿದ್ದನ್ನು ಒಂದೂ ಉಳಿಸಿಕೊಳ್ಳದೆ ಕೊಟ್ಟುಬಿಡುವವಳು ಅವಳು. ಅದನ್ನು ಆ ತರಗತಿಯಲ್ಲಿ ನಾನು ಕಂಡಿದ್ದೇನೆ. ಕ್ಷಮೆ ಕೇಳಿದರೂ ಕೊಡುತ್ತಾಳೆ. ಅದಕ್ಕೇ ಕೇಳಲಿಲ್ಲ.